ನಾಕು ಮೆಂಡಿ

ಕೈ ತೊಳಿಯೂದು ಬ್ಯಾಡ, ಬಾ ಕುಂದ್ರು ಸಾವಕ್ಕ,
ಎಷ್ಟು ತೊಳದ್ರೂ ಈ ಬ್ಯಾಡಗಿ ಬಣ್ಣ ಬಿಡಂಗಿಲ್ಲ.
ಚೀಲದ ಈ ಬದಿ ನಾನು, ಆ ಬದಿ ನೀನು,
ಅತ್ತಾಗೊಬ್ಬಾಕಿ ಫಕ್ಕೀರವ್ವ, ಇತ್ತಾಗ ಮಾಬೂಬಿ.
ಎದುರಿಗೆ ಕುಂತಾಕಿ ನಿನ್ನಾಕಿ, ಮಗ್ಗಲಾಗ ಕುಂತಾಕಿ ವೈರಿ.
ಊಟಕ್ಕ ಮಾತ್ರ ಇದನ್ನ ಮರೀಬೇಕು,
ಮಾಬೂಬಿ ಬುತ್ತಿಯೊಳಗ ಇವತ್ತು ಪುಂಡಿಪಲ್ಲೆ ಐತಿ.

ಐವತ್ತೆರಡು ಎಲಿ. ಎಣಸಬ್ಯಾಡ, ಐವತ್ತೊಂದ ಅದಾವ.
ಚೌಕಟ್ ಏಳು ಹೋದ ಸುಗ್ಗಿಗೆ ದಾವಣಗೇರಿ ಲಾರಿಯೊಳಗ
ಕಾಯಿ ಕೂಡ ಹೋತು. ಬೀಡಿ ಕಟ್ಟಿನ ರಟ್ಟು ಕತ್ತರಿಸಿ
ಪೆನ್ನಿಲೆ ಏಳು ಚೌಕ ಬರದೇವಿ.
ಅದು ಯಾರಿಗೆ ಬಂತು ಅಂತ ಎಲ್ಲಾರಿಗೂ ತಿಳಿತೈತಿ, ಬಿಡು.

ಮೊದಲ ಐದೈದು ಹಂಚು, ಆಮ್ಯಾಲ ನಾಕು, ಮತ್ತ ನಾಕು.
ಎಕ್ಕ ದೊಡ್ಡದು. ಕೆಳಗ ರಾಜಾ, ರಾಣಿ, ಗುಲಾಮ.
ಅವರ ದರ್ಬಾರು ಅವರಿಗೇ ಇರ್ಲಿ,
ನಮಗ ಬೇಕಾದದ್ದು ಹತ್ತು.
ಹತ್ತಕ್ಕ ಮೆಂಡಿ ಅಂತೀವಿ.
ಇಸ್ಪೀಕ, ಕಿಲಾವರ, ಬದಾಮ, ಚೌಕಟ್, ನಾಕು ಮೆಂಡಿ.
ಗುಲಾಮನ ಕೈಯಾಗ ಸಿಕ್ಕರೂ ಸಾಯ್ತಾವ.
ಮೂರು ಹಿಡದವರು ಗೆದ್ದರು. ನಾಕೂ ಹಿಡದರ ಕೋಟ್.
ಎರಡೆರಡಾದ್ರ ಕೈ ಎಣಸು, ಏಳು ಕೈ ಯಾರಿಗೋ ಅವರದ ಆಟ.

ಒಬ್ಬಾಕಿ ಬದಾಮ ಒಗದರ ಎಲ್ಲಾರೂ ಬದಾಮ ಒಗೀಬೇಕು.
ಇದ್ದೂ ಇಲ್ಲ ಅನ್ನಬಾರದು.
ನಮ್ಮ ದಲಾಲಿ ಸಾಹುಕಾರ ಅಂತಾನಲ್ಲ ಶನಿವಾರ ಸಂಜಿಗೆ,
"ಚಿಲ್ಲರ ಇಲ್ಲ" ಅಂತ, ಹಂಗ ಅನ್ನಬಾರದು.
ಖರೇನ ಇಲ್ಲಂದ್ರ, ಆಗ ಕೇಳು,
ನೀ ಯಾವ ಎಲಿ ಒಗೀತಿ ಅದ ಹುಕುಂ.
ಅಲ್ಲಿಂದ ಆಟ ಮುಗಿಯೂತನಕ
ಆ ಬಣ್ಣದ ದುರ್ರಿ ಸುದ್ದಾ ರಾಜನ್ನ ಕಡಿತೈತಿ.
ಮೊದಲ ಬರಿದಾದಾಕಿ ಮಾತು ನಡಿಯೂದು
ಈ ಚೀಲದ ಮ್ಯಾಲ ಅಷ್ಟ. ಬ್ಯಾರೆ ಎಲ್ಲೂ ನಾ ಕಂಡಿಲ್ಲ.

ಸನ್ನಿ ಮಾಡಬಾರದು. ಮೂಗು ಒರಸೂದು, ಬಳಿ ತಿರವೂದು, ಎಲ್ಲಾ ಬಂದ್.
ಕೆಮ್ಮೂದು ಮಾತ್ರ ಬಿಟ್ಟೇವಿ.
ಈ ಘಾಟಿನ್ಯಾಗ ಯಾವ ಕೆಮ್ಮು ಯಾವ ಮೆಂಡಿದು ಅಂತ
ದೇವರಿಗೂ ತಿಳಿಯಂಗಿಲ್ಲ.
ಒಮ್ಮೆ ಫಕ್ಕೀರವ್ವ ನನ್ನ ಜೋಡಿ ಇದ್ದಾಗ ಮೂರು ಸಲ ಕೆಮ್ಮಿದ್ಲು,
ನಾ ಕಿಲಾವರ ಅಂತ ತಿಳಕೊಂಡು ರಾಣಿ ಕಳಕೊಂಡೆ.
ಅಕಿಗೆ ಖರೇನ ಕೆಮ್ಮಿತ್ತು.

ಇನ್ನೊಂದು. ಎಲಿ ಬೆನ್ನಿಗೆ ಬೆರಳಿನ ಕೆಂಪು ಅದಾವಲ್ಲ,
ನೋಡಬ್ಯಾಡ. ನಾವೂ ನೋಡಂಗಿಲ್ಲ.
ಈ ಮೂಲ್ಯಾಗ ಹೆಬ್ಬೆಟ್ಟು ಇದ್ದದ್ದು ಬದಾಮಿನ ಮೆಂಡಿ,
ಮೊದಲ ನಿನ್ನ ಜಾಗಾದಾಗ ಕುಂದ್ರತಿದ್ದ ತಿಪ್ಪವ್ವನ ಹೆಬ್ಬೆಟ್ಟು.
ಗೊತ್ತಿದ್ದೂ ಗೊತ್ತಿಲ್ಲದಂಗ ಆಡೂದ ಇದರಾಗಿನ ಕಷ್ಟ.
ಹತ್ತು ವರ್ಷ ಹಂಗ ಆಡೇವಿ.
ತಿಪ್ಪವ್ವ ಈಗ ಕೋಲ್ಡ್ ಸ್ಟೋರೇಜಿನ್ಯಾಗ
ಸ್ವೆಟರ್ ಹಾಕ್ಕೊಂಡು ಚೀಲ ಎಣಸ್ತಾಳ.
ಅಲ್ಲಿ ಘಾಟಿಲ್ಲಂತ. ಆಟಾನೂ ಇಲ್ಲಂತ.

ರೊಕ್ಕ ಹಚ್ಚಂಗಿಲ್ಲ. ಸೋತವರು ಗೆದ್ದವರ ಪಾಲಿನ
ಒಂದು ಪುಟ್ಟಿ ಕಾಯಿ ತೊಟ್ಟು ಮುರೀಬೇಕು.
ಕೋಟ್ ಆದ್ರ ಎರಡು ಪುಟ್ಟಿ.
ಎಲಿ ಹಂಚೂದೂ ಸೋತವರ.

ಮೊದಲ ನಾಕು ದಿನ ನೀ ಸೋಲ್ತಿ, ನನ್ನೂ ಸೋಲಸ್ತಿ.
ನಾ ಬೈತೀನಿ. ನನ್ನ ಬಾಯಿ ದೊಡ್ಡದು, ಪ್ಯಾಟಿಗೆಲ್ಲಾ ಗೊತ್ತು.
ಆಗ ಒಂದ ನೆನಪಿಡು,
ಕಣ್ಣಿಗೆ ಕೈ ಹಚ್ಚಬ್ಯಾಡ.
ಸೆರಗಿನ ಒಳಮಗ್ಗಲು ಐತಿ, ಭುಜ ಐತಿ, ಮಾಬೂಬಿ ಓಡಣಿ ಐತಿ.
ಬೆರಳು ಮಾತ್ರ ಬ್ಯಾಡ.

ಹಾಂ, ತಗೋ ಎಲಿ. ಬೀಸಣಿಗಿ ಹಂಗ ಹಿಡಿ, ಎದಿಗೆ ಹಚ್ಚಿ.
ಯಾಕ ನಗ್ತಿ?
ರಟ್ಟಿನ ಏಳು ನಿನ್ನ ಕಡೆ ಬಂದೈತೇನು,
ನನ್ನ ಮುಂದ ಹೇಳಬ್ಯಾಡ.