ಅರ್ಧ ಕೇಜಿ ಕಲ್ಲು

ತಕ್ಕಡಿ ಇದೆ, ಕಾಲು ಕೇಜಿ ಇದೆ, ಒಂದು ಕೇಜಿ ಇದೆ,
ಅರ್ಧ ಕೇಜಿ ಕಲ್ಲು ಮಾತ್ರ ಇಲ್ಲ.
ಬೆಳಿಗ್ಗೆಯಿಂದ ಮಾಬುವಿನ ಮೇಲೆ ರೇಗಿದೆ,
ಗಿರಾಕಿಗಳ ಚೀಲದ ಮೇಲೆ ಕಣ್ಣಿಟ್ಟೆ,
ಆಮೇಲೆ ಸಿಕ್ಕಿತು:

ಅಂಗಡಿಯ ಹಿಂದೆ,
ಜಿನ್ನಿಂಗ್ ಮಿಲ್ಲಿನಿಂದ ಹಾರಿ ಬಂದ ಹತ್ತಿಯನ್ನೆಲ್ಲ
ಕಾಲಲ್ಲಿ ಕೆರೆದು, ಗುಡ್ಡೆ ಮಾಡಿ,
ನಡುವೆ ಮಲಗಿದ್ದಾಳೆ ಕೆಂಚಿ.
ಹೊಟ್ಟೆಗೆ ಒತ್ತಿಕೊಂಡಿದ್ದಾಳೆ
ಒಂದು ಬೋಳು ಜೋಳದ ತೆನೆ,
ಮಾಬುವಿನ ಎಡಗಾಲಿನ ಚಪ್ಪಲಿ,
ಮತ್ತೆ, ಸರ್ಕಾರದ ಮುದ್ರೆ ಬಿದ್ದ ನನ್ನ ಕಬ್ಬಿಣ.

ಕೈ ಹಾಕಿದರೆ ಗುರ್ರೆಂದಳು.
ಏಳು ವರ್ಷ ರೊಟ್ಟಿ ಹಾಕಿದ ಕೈಗೆ.

ಮೊಲೆ ಬಾತಿದ್ದವು. ಹಾಲು ತೊಟ್ಟಿಕ್ಕುತ್ತಿತ್ತು.
ಲೆಕ್ಕ ಹಾಕಿದೆ. ಬೆದೆಗೆ ಬಂದದ್ದು ದೀಪಾವಳಿಯಾದ ಮೇಲೆ,
ಇಪ್ಪತ್ತೊಂದು ದಿನ ಗೋದಾಮಿನಲ್ಲಿ ಕೂಡಿ ಹಾಕಿ
ಕೀಲಿಯನ್ನು ತಾಳಿಯ ಜೊತೆ ಕೊರಳಿಗೆ ಕಟ್ಟಿಕೊಂಡಿದ್ದೆ.
ಆದವಾನಿಯ ಒಂದು ಗಂಡುನಾಯಿಯೂ ಒಳಗೆ ಹೋಗಿಲ್ಲ.
ಇಲಿ ಹೋಗಿರಬಹುದು.

ಬಳೆ ಅಂಗಡಿ ಸುಂಕಮ್ಮ ಬಗ್ಗಿ ನೋಡಿದಳು:
‘ಹಿಂಡಿಬಿಡೇ, ಹಗುರಾಗ್ತದೆ.
ಒಂದು ಸೂಲು ಆಗ್ಲಿ ಅಂತ ಆಗ್ಲೇ ಬಿಡಬೇಕಿತ್ತು ನೀನು.’
ಹಿಂಡಿದೆ. ಬೆರಳು ಅಂಟಂಟಾಯಿತು.
ಮರುದಿನ ಎರಡರಷ್ಟು ಬಂತು.

ದನದ ಆಸ್ಪತ್ರೆಯ ಓಬುಲೇಸು ಬೈದ.
ಹಿಂಡಿದಷ್ಟೂ ಮೈಗೆ ಸುದ್ದಿ ಹೋಗುತ್ತದಂತೆ
ಹೊರಗೆ ಯಾರೋ ಕುಡಿಯುತ್ತಿದ್ದಾರೆ, ಇನ್ನಷ್ಟು ಕಳಿಸು ಅಂತ.
ಹೊಟ್ಟೆ ಒತ್ತಿ ನೋಡಿ, ‘ಏಮೀ ಲೇದಮ್ಮಾ’ ಅಂದ.
ರಿಜಿಸ್ಟರಿನಲ್ಲಿ ಬರೆದದ್ದನ್ನು
ಮೇಜಿನ ಈಚೆಯಿಂದ ತಲೆಕೆಳಗಾಗಿ ಓದಿದೆ,
ತಲೆಕಟ್ಟು ಬೇರೆ, ಉಳಿದಂತೆ ನಮ್ಮ ಅಕ್ಷರವೇ:
ತಪ್ಪುಡು ಗರ್ಭಂ.
ತಪ್ಪುಡು ಅಂದರೆ ತಪ್ಪಾ, ಸುಳ್ಳಾ? ಕೇಳಿದೆ.
‘ಸುಳ್ಳು. ಆದ್ರೆ ಇವಳು ಹೇಳಿದ್ದಲ್ಲ,
ಮೈ ಇವಳಿಗೆ ಹೇಳಿದ್ದು.’
ಸುಂಕಮ್ಮನ ಸೂಲಿನ ಮಾತು ಹೇಳಿದೆ.
‘ಅದು ನಿಜವಾದ ಸುಳ್ಳು.’

ಹಿಂಡಬೇಡ, ಬಿಸಿ ಶಾಖ ಬೇಡ,
ನೆಕ್ಕದ ಹಾಗೆ ಅಂಗಿ ತೊಡಿಸು, ಹೊರಗೆ ತಿರುಗಾಡಿಸು,
ಕೆಂಪಗೆ ಗಟ್ಟಿಯಾದರೆ, ತಿನ್ನುವುದು ಬಿಟ್ಟರೆ ಓಡಿ ಬಾ.
ಮರಿಗಳನ್ನು ಕಿತ್ತುಕೊಳ್ಳಬೇಡ,
ಅವಳಿಲ್ಲದಾಗ ಒಂದೊಂದೇ ತೆಗೆ.
ಮರಿಗಳು ಅಂದ, ಅವನೂ.
ಆಪರೇಷನ್ ಈಗಲೇ ಮಾಡಿಬಿಡಿ ಅಂದೆ.
ಹಾಲಿರುವಾಗ ಬೇಡ, ಬತ್ತಲಿ,
ಈಗ ಮಾಡಿದರೆ ಮೈ ಇದೇ ಮಾತನ್ನು ಹಿಡಿದು ಕೂತುಬಿಡುತ್ತದೆ ಅಂದ.

ಮಾಬುವಿನ ಹಳೇ ಬನಿಯನ್ನಿಗೆ ಎರಡು ತೂತು ಹೆಚ್ಚಿಗೆ ಕತ್ತರಿಸಿದೆ.
ಸಂಜೆ ಕೋಟೆಗುಡ್ಡದ ಬುಡದವರೆಗೆ ನಡೆದೆವು,
ಬನಿಯನ್ನಿನ ನಾಯಿ, ನಾನು,
ಒಂದೇ ಚಪ್ಪಲಿ ಕೈಲಿ ಹಿಡಿದ ಮಾಬು.
ಹತ್ತಿ ಲಾರಿಯ ಮೇಲಿನ ಹಮಾಲರು ನಕ್ಕರು. ನಗಲಿ.

ಮೊದಲ ದಿನ ತೆನೆ ತೆಗೆದೆ.
ಮೂರನೇ ದಿನ ಚಪ್ಪಲಿ.
ಮಾಬು ಅದನ್ನು ಮೆಟ್ಟಲಿಲ್ಲ, ಇನ್ನೂ ಒದ್ದೆ ಅಂದ.
ಅವಳು ಹತ್ತಿಯನ್ನೆಲ್ಲ ಮೂಸಿ, ಗೋಡೆ ಮೂಸಿ,
ನನ್ನ ಕೈ ಮೂಸಿ,
ಇದ್ದೊಂದರ ಮೇಲೆ ಕುತ್ತಿಗೆ ಇಟ್ಟು ಮಲಗಿದಳು.

ಎರಡು ವರ್ಷಕ್ಕೊಮ್ಮೆ ಸಾಹೇಬರು ಬಂದು
ಇದು ಸುಳ್ಳು ತೂಕವಲ್ಲ ಅಂತ ಸೀಸಕ್ಕೆ ಮುದ್ರೆ ಒತ್ತುತ್ತಾರೆ.
ಆ ಕಡೆಯನ್ನೇ ಅವಳು ಹೆಚ್ಚು ನೆಕ್ಕುತ್ತಿದ್ದಳು.
ನಾನು ಕಲ್ಲು ತೆಗೆಯಲಿಲ್ಲ.
ಎರಡು ಕಾಲು ಕೇಜಿ ಜೋಡಿಸಿಟ್ಟು
ಕಡ್ಲೇಬೀಜ ತೂಗಿದೆ, ಹದಿಮೂರು ದಿನ.

ಆಮೇಲೊಂದು ಮಧ್ಯಾಹ್ನ
ಹಿಂಡಿ ಮಾರುವವನ ಗಾಡಿಯ ಹಿಂದೆ ಬೊಗಳುತ್ತ ಓಡಿದಳು,
ಬನಿಯನ್ನಿನಲ್ಲೇ.
ಕಲ್ಲು ಅಂಗಳದಲ್ಲಿ ಬಿದ್ದಿತ್ತು,
ಮೈತುಂಬ ಹತ್ತಿಯೆಳೆ.
ಎತ್ತಿಕೊಂಡೆ. ಬೆಚ್ಚಗಿತ್ತು.
ಬಿಸಿಲಿಗೇ ಇರಬೇಕು.

ಸುಂಕಮ್ಮ ಬಂದು ಅರ್ಧ ಕೇಜಿ ಕೇಳಿದಳು.
ಇಟ್ಟು ತೂಗಿದೆ. ಮುಳ್ಳು ನಿಂತಿತು.
ನಿಂತ ಮೇಲೂ ಒಂದು ಹಿಡಿ ಹಾಕಿದೆ.
‘ಯಾಕೆ, ಕಲ್ಲು ಸವೆದಿದೆಯಾ?’ ಅಂದಳು.