ಮುಟ್ಟಿದರೆ ಮುದುಡಿದರೆ ಪ್ರಾಣಿ

ಸೆಗೆದ್ ಊರಿಗೆ ಸಮುದ್ರವಿಲ್ಲ. ನದಿಯುಂಟು, ತೀಸಾ,
ಮಣ್ಣಿನ ಬಣ್ಣದ್ದು, ಮೀನಿನ ಸಾರಿಗೆ ಸಾಕಾಗುವಷ್ಟು.
ನನ್ನ ಗಂಡ ವೆಂಡೆಲ್
ಬೂಟು ಹೊಲಿಯುವ ಅಂಗಡಿಯ ಹಿಂದಿನ ಕೋಣೆಗೆ
ತನ್ನ ಅರವತ್ತಮೂರನೆಯ ವಯಸ್ಸಿನಲ್ಲಿ ಸಮುದ್ರ ತಂದ:
ಉಪ್ಪು ಒಂದು ಚೀಲ, ಸೋಸಿದ ನೀರು ಹದಿನೆಂಟು ಬಕೆಟ್ಟು,
ಮೂರಡಿ ಉದ್ದದ ಗಾಜಿನ ತೊಟ್ಟಿ.

ಕಲ್ಲು ಬಂದದ್ದು ರಟ್ಟಿನ ಪೆಟ್ಟಿಗೆಯಲ್ಲಿ,
ಯಾವುದೋ ದ್ವೀಪದ ಒದ್ದೆ ಪತ್ರಿಕೆ ಸುತ್ತಿಕೊಂಡು.
ಅಕ್ಷರ ನಮ್ಮವೇ, ಮಾತು ಮಾತ್ರ ನಮ್ಮದಲ್ಲ.
ಮದುವೆಯೋ ಚುನಾವಣೆಯೋ,
ಹೂಮಾಲೆ ಹಾಕಿಕೊಂಡು ಒಬ್ಬ ಗಂಡಸು ನಗುತ್ತಿದ್ದ.
ಒಲೆಯ ಪಕ್ಕ ಒಣಗಿಸಿ ಎತ್ತಿಟ್ಟೆ.
ಜೀವಂತ ಕಲ್ಲು, ಅಂದ ವೆಂಡೆಲ್.
ಬೆಲೆ ಕೇಳಿ,
ಸತ್ತದ್ದು ಸಿಗಲಿಲ್ಲವೇ, ಅಂದೆ.

ಮೂರು ವಾರ ಏನೂ ಇಲ್ಲ. ಬರೀ ನೀರು ನೋಡುತ್ತ ಕೂತ.
ಆಮೇಲೆ ಕಂದು ಧೂಳು,
ಮರಳಿನ ಮೇಲೆ, ಗಾಜಿನ ಮೇಲೆ,
ಒರೆಸಿದರೆ ಹೋಗಿ, ಕಾಫಿ ಆರುವಷ್ಟರಲ್ಲಿ ಮರಳಿ.
ಕೆಟ್ಟೇಹೋಯಿತೆಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.
ಔಷಧದಂಗಡಿಯ ಹೈನಲ್ಕ, ಮನೆಯಲ್ಲಿ ನಾಲ್ಕು ತೊಟ್ಟಿ ಸಾಕಿದವಳು,
ಗಾಜಿಗೆ ಮೂಗೊತ್ತಿ ನೋಡಿ ನಕ್ಕಳು:
ಡಯಾಟಮ್. ಹೊಸ ನೀರಿಗೆಲ್ಲ ಬರುತ್ತೆ,
ಹಸುಗೂಸಿಗೆ ಬೆವರುಸಾಲೆ ಬಂದ ಹಾಗೆ.

ಅಂದಿನಿಂದ ಇವನಿಗೆ ಹೆಸರಿನ ಹುಚ್ಚು.
ಹೊಲಿಗೆ ನೋಡುವ ಭೂತಗನ್ನಡಿ, ಕೈಯಲ್ಲೊಂದು ಉದ್ದ ಕಡ್ಡಿ.
ಮುಟ್ಟಿದರೆ ಮುದುಡಿದರೆ ಪ್ರಾಣಿ,
ಮುದುಡದಿದ್ದರೆ ಪಾಚಿ,
ಅನುಮಾನ ಬಂದರೆ ಪ್ರಶ್ನೆಚಿಹ್ನೆ.
ಕಾಲಿನ ಅಳತೆ ಬರೆಯುವ ಪುಸ್ತಕದಲ್ಲೇ ಎಲ್ಲ:
ಕೊಚಿಶ್ ಅಮ್ಮನ ಬೂಟು, ಎಡಗಾಲು ತುಸು ಅಗಲ,
ಅದರ ಕೆಳಗೆ
ಬಿಳಿ ಸುರುಳಿ, ಗಸಗಸೆಯಷ್ಟು, ಹುಳುವಿನ ಮನೆ, ನಿರಪಾಯ.
ಗುಲಾಬಿ ಕಲೆ, ಸುಣ್ಣದ ಪಾಚಿ, ಬರಲಿ.
ಹಸಿರು ಗುಳ್ಳೆ, ಮಣಿಯ ಹೊಳಪು, ಒಡೆಯಕೂಡದು.
ಕೆನೆಗಟ್ಟಿದಂಥ ಬೂದು, ಸ್ಪಂಜು?
ಕೊಚಿಶ್ ಅಮ್ಮ ಗುರುವಾರ ಬರುತ್ತಾಳೆ.

ನನಗೆ ಹಿಡಿಸಿದ್ದು ಒಂದೇ.
ಬಿರುಕಿನಿಂದ ಎದ್ದ ಗಾಜಿನಂಥ ಕಾಂಡ,
ತುದಿಗೆ ತೆಳ್ಳನೆ ಎಸಳು, ಪಂಪಿನ ಸೆಳೆತಕ್ಕೆ ತಲೆದೂಗುತ್ತ.
ನಿನ್ನ ಕಲ್ಲು ಹೂ ಬಿಟ್ಟಿತು, ಅಂದೆ.
ಬೂಟು ಕೊಡಲು ಬಂದವರನ್ನೆಲ್ಲ ಒಳಗೆ ಕರೆದು ತೋರಿಸಿದ.
ಹೈನಲ್ಕ ಮಾತ್ರ ನಗಲಿಲ್ಲ.
ಐಪ್ಟೇಸಿಯಾ. ಕಳೆ. ಪಕ್ಕದವರನ್ನೆಲ್ಲ ಕುಟುಕುತ್ತೆ.
ಕತ್ತರಿಸಿದಿರೋ, ತುಂಡುತುಂಡೂ ಎದ್ದು ನಿಲ್ಲುತ್ತೆ.
ನಿಂಬೆರಸ, ಸಿರಿಂಜು, ನೇರ ಬಾಯಿಗೆ.

ನಿಂಬೆಹಣ್ಣು ತಂದವಳು ನಾನೇ.
ನಲವತ್ತು ವರ್ಷ ಸೂಜಿ ಹಿಡಿದ ಕೈ,
ಎಂಥ ದಪ್ಪ ತೊಗಲಿಗೂ ಅಳುಕಿದ್ದಲ್ಲ,
ಮೊಣಕೈವರೆಗೆ ಉಪ್ಪುನೀರಿನಲ್ಲಿ ನಡುಗುತ್ತಿತ್ತು.
ಸೂಜಿ ತಾಗುವ ಮುಂಚೆಯೇ
ಅದು ಬಿರುಕಿನೊಳಗೆ ಸರಕ್ಕನೆ.
ಅಲ್ಲಿ ಏನೂ ಇರಲೇ ಇಲ್ಲವೆಂಬ ಹಾಗೆ ಕಲ್ಲು.
ಮುದುಡಿತು, ಅಂದ.
ಪ್ರಾಣಿ, ಅಂದೆ.

ಭಾನುವಾರ ಚುಚ್ಚಿಯೇಬಿಟ್ಟ. ಹತ್ತು ದಿನಕ್ಕೆ
ಆಚೆಬದಿಗೆ ಮೂರು ಎದ್ದವು.
ಬರೆದುಕೊಂಡ, ಮೂರು ಎಂದು.

ರಾತ್ರಿ ಅವನು ಗೊರಕೆ ಹಿಡಿದ ಮೇಲೆ
ಟಾರ್ಚಿಗೆ ಮಿಠಾಯಿಯ ಕೆಂಪು ಕಾಗದ ಕಟ್ಟಿ
ನಾನೊಬ್ಬಳೇ ಇಳಿದು ಹೋಗುತ್ತೇನೆ.
ಅವುಗಳ ಕಣ್ಣಿಗೆ ಕೆಂಪೂ ಕತ್ತಲೆಯೇ ಅಂತೆ.
ಹಿಂದಿನ ಕಲ್ಲಿನ ಬುಡದಲ್ಲಿ, ಅವನ ಭೂತಗನ್ನಡಿ ಬಾಗದ ಕಡೆ,
ಒಂದಿದೆ.
ಕೋಟಿನ ಗುಂಡಿಯಷ್ಟಿತ್ತು, ಈಗ ಎರಡು ಗುಂಡಿಯಷ್ಟು.
ನೇರಳೆಯಲ್ಲ, ಕಪ್ಪೂ ಅಲ್ಲ,
ಉಸಿರಾಡುತ್ತದೋ, ನನ್ನ ಕೈಯ ಟಾರ್ಚೇ ಅಲುಗುತ್ತದೋ.
ಕಡ್ಡಿ ಅಲ್ಲೇ ಮೊಳೆಗೆ ತೂಗುತ್ತಿದೆ. ನಾನು ಮುಟ್ಟಿಲ್ಲ.

ಬೆಳಗ್ಗೆ ವೆಂಡೆಲ್ ಕೇಳುತ್ತಾನೆ,
ಗಾಜಿನ ಮೇಲೆ ಮೂಗಿನ ಗುರುತು ಯಾರದು?
ಹೈನಲ್ಕಳದ್ದಿರಬೇಕು, ಅನ್ನುತ್ತೇನೆ,
ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಅಂಚಿನ ತನಕ.