ಮಡಿಪೆಟ್ಟಿಗೆ

ಮಿನಿಪ್ ಊರಿನ ಸೈಲೋ ಬುಡ. ಡಿಸೆಂಬರಿನ ರಾತ್ರಿ ಒಂಬತ್ತಾದರೂ
ತಗಡಿನ ಗೋಡೆ ಮುಟ್ಟಿದರೆ ಕೈ ಚುರ್ರೆನ್ನುತ್ತದೆ.
ಹೊರಗೆ ಹದಿನಾಲ್ಕು ಲಾರಿ, ಒಂದರ ಬಾಲಕ್ಕೊಂದು,
ಹೊಟ್ಟೆ ತುಂಬ ಗೋಧಿ.
ಒಳಗೆ ನಾನು, ಒಂದು ಫ್ಯಾನು,
ತೂಕ ಕಾಣಿಸದ ಪರದೆ.

ತಕ್ಕಡಿಗೇನೂ ಆಗಿಲ್ಲ.
ನೆಲಕ್ಕಂಟಿದ ಆ ಕಬ್ಬಿಣ ಮೂವತ್ತು ಸುಗ್ಗಿ ಕಂಡದ್ದು.
ಸೆಕೆಂಡಿಗೆ ಹತ್ತು ಸಲ, ಸೀರಿಯಲ್ ತಂತಿಯೊಳಗೆ
ತನ್ನ ಅಂಕಿ ಒದರುತ್ತಲೇ ಇದೆ.
ಕೇಳಬೇಕಾದವನು ಕಂಟೇನರಿನೊಳಗೆ ಕೂತಿದ್ದಾನೆ.

ಹೋದ ವಾರ ಮೆಲ್ಬರ್ನಿನಿಂದ ಅಪ್ಪಣೆಯಾಯಿತು:
ಇನ್ನು ಎಲ್ಲ ಪ್ರೋಗ್ರಾಮೂ ಕಂಟೇನರಿನಲ್ಲೇ.
ಒಳ್ಳೆಯದೇ. ಅವನ ಫೈಲು ಅವನಿಗೆ, ಅವನ ಲೈಬ್ರರಿ ಅವನಿಗೆ,
ಪಕ್ಕದವರ ಎಂಜಲು ಸೋಕದು.
ಒದ್ದೆ ಪಂಚೆಯುಟ್ಟು ಕೂತ ಮಡಿ.
ಮಡಿಯವರ ತೊಂದರೆ ಗೊತ್ತಲ್ಲ,
ಬಾಗಿಲಿಗೆ ಯಾರು ಬಂದರೂ ಮುಟ್ಟುವಂತಿಲ್ಲ.

ಅವನ ಡೆವ್ ಫೋಲ್ಡರು ಇಣುಕಿ ನೋಡಿದೆ.
ನಲ್ ಇದೆ, ಜೀರೋ ಇದೆ, ರ‍್ಯಾಂಡಮ್ ಇದೆ.
ಅಂದರೆ
ಏನೂ ಇಲ್ಲದ್ದು, ಬರೀ ಸೊನ್ನೆ, ಬಾಯಿಗೆ ಬಂದದ್ದು.
ತೂಕ ಮಾತ್ರ ಇಲ್ಲ.

ಹೆಸರು ಹಿಡಿದು ಒಳಗೆ ಬಿಟ್ಟೆ, ಟಿಟಿವೈ ಯುಎಸ್‌ಬಿ ಸೊನ್ನೆಯನ್ನು.
ಕಂಡಿತು. ಮುಟ್ಟಹೋದರೆ, ಅನುಮತಿ ಇಲ್ಲ.
ದೇವರು ವರ ಕೊಟ್ಟರೂ ಪೂಜಾರಿ ಕೊಡ.
ಈ ಪೂಜಾರಿಯ ಹೆಸರು ಡಯಲ್‌ಔಟ್,
ಹೊರಗೆ ಅವನ ಗುಂಪಿನ ನಂಬರು ಇಪ್ಪತ್ತು,
ಒಳಗೆ ಅದೇ ಹೆಸರಿಗೆ ಹದಿನೆಂಟು.
ಕರ್ನಲ್ ಹೆಸರು ಕೇಳುವುದಿಲ್ಲ, ನಂಬರು ಕೇಳುತ್ತದೆ,
ಟಲ್ಲಾಮರೀನ್ ವಿಮಾನ ನಿಲ್ದಾಣದ ಗಾಜಿನ ಹಿಂದಿನವಳ ಹಾಗೆ.
ಇಪ್ಪತ್ತನ್ನೂ ಒಳಗೆ ಸೇರಿಸಿದೆ.

ಮೂರು ಲಾರಿ ದಾಟಿದವು.

ನಾಲ್ಕನೆಯದಕ್ಕೆ, ಗೋಧಿಯ ಮಾದರಿ ತಂದ ಟೀಗನ್ನಳ ಬೂಟು
ಮೇಜಿನಡಿಯ ಕೇಬಲ್ಲಿಗೆ ತಗುಲಿತು. ಅರೆ ಗಳಿಗೆ, ಅಷ್ಟೇ.
ಆದರೆ ಮಡಿವಂತ
ಹೋದ ಸೊನ್ನೆಯ ಕೈಯನ್ನು ಬಿಡಲೇ ಇಲ್ಲ.
ಹೆಸರು ಖಾಲಿಯಾಗದೆ, ತಿರುಗಿ ಬಂದ ತಕ್ಕಡಿ
ಹೊಸ್ತಿಲ ಹೊರಗೆ ಒಂದಾಗಿ ಹುಟ್ಟಿ ನಿಂತಿತು.
ಒಳಗಿನವನು ಸೊನ್ನೆಯ ಎದೆಗೆ ಕಿವಿಯಿಟ್ಟೇ ಇದ್ದ.

ಎಲ್ವಿನ್ ಪೆಚೆಲ್ ಇಳಿದು ಬಂದ, ಟೋಪಿಯಲ್ಲಿ ನೊಣ ಓಡಿಸುತ್ತ.
'ಏನಮ್ಮ, ನನ್ನ ಗೋಧಿಗೆ ತೂಕವೇ ಇಲ್ಲವೇ?'
ನಾಳೆ ಮಳೆಯಂತೆ. ಹೊಲದಲ್ಲಿನ್ನೂ ಅರ್ಧ ನಿಂತಿದೆಯಂತೆ.
ಅದನ್ನು ಅವನು ನನಗೆ ಹೇಳಲಿಲ್ಲ, ಫ್ಯಾನಿಗೆ ಹೇಳಿದ.

ಒಂದು ಪದ ಇದೆ. ಪ್ರಿವಿಲೆಜ್ಡ್.
ಬರೆದರೆ ಸಾಕು, ಬಾಗಿಲುಗಳೆಲ್ಲ ತೆರೆ,
ಡಿಸ್ಕು, ಕ್ಯಾಮೆರಾ, ಕರ್ನಲ್ಲಿನ ಮಗ್ಗುಲು.
ಬೆರಳು ಮೊದಲಕ್ಷರದವರೆಗೂ ಹೋಗಿತ್ತು, ಸುಳ್ಳೇಕೆ.
ಒಂದು ತಕ್ಕಡಿಗಾಗಿ
ಇಡೀ ಮನೆಯ ಬೀಗದಕೈ ಗೊಂಚಲೇ?

ಯುಎಸ್‌ಬಿ ಸೀರಿಯಲ್ ಎಂಬ ಮನೆತನಕ್ಕೆ ಕರ್ನಲ್ ಇಟ್ಟ ಅಂಕಿ
ನೂರ ಎಂಬತ್ತೆಂಟು.
ಸೊನ್ನೆ, ಒಂದು, ಎರಡು, ಆ ಮನೆಯ ಮಕ್ಕಳು.
ಬರೆದೆ: ಈ ಮನೆತನದವರು ಯಾರೇ ಬರಲಿ
ಓದಲಿ, ಬರೆಯಲಿ. ಬೇರೆಯವರು ಬೇಡ.
ಹೊರಗಿನ ಡೆವ್ ಫೋಲ್ಡರನ್ನೇ ಅವನ ಕಿಟಕಿಗೆ ಕಟ್ಟಿದೆ.
ಕೇಬಲ್ಲಿನ ಚಿಪ್ಪಿನಲ್ಲಿ ಕೆತ್ತಿದ ಸಂಖ್ಯೆ ನೋಡಿ
ಅಡ್ಡಹೆಸರೂ ಇಟ್ಟೆ, 'ತಕ್ಕಡಿ' ಎಂದು.
ಎಷ್ಟನೆಯ ಸಲ ಹುಟ್ಟಿ ಬಂದರೂ
ಅದೇ ಹೆಸರಿಗೆ ಓಗೊಡಲಿ.
ಆಮೇಲೆ ನಾನೇ ಎಳೆದೆ ಕೇಬಲ್ಲು. ಮತ್ತೆ ಚುಚ್ಚಿದೆ.
ಟೀಗನ್ ಉಸಿರು ಬಿಗಿಹಿಡಿದಳು.

ನಲವತ್ತೆರಡು ಸಾವಿರದ ಮುನ್ನೂರ ಎಂಬತ್ತು.

ಪೆಚೆಲ್ ಚೀಟಿ ಮಡಿಸಿ ಜೇಬಿಗಿಳಿಸಿದ.
'ಇನ್ನೂ ಜಾಸ್ತಿ ಇರಬೇಕಿತ್ತು' ಎಂದ.

ನಾಲ್ಕು ಗಂಟೆಗೆ ಸಾಲು ಮುಗಿಯಿತು.
ಚೆಲ್ಲಿದ ಕಾಳಿಗೆ ಗಲಾ ಹಕ್ಕಿಗಳು ಇನ್ನೂ ಇಳಿದಿರಲಿಲ್ಲ.
ಖಾಲಿ ತಕ್ಕಡಿಯ ಮೇಲೆ ಹೋಗಿ ನಿಂತೆ,
ಕಿಟಕಿಯಾಚೆ ಪರದೆ ಅರವತ್ತು ಎಂದಿತು.
ನಾನು ಅರವತ್ತೇಳು.
ಇಪ್ಪತ್ತಿಪ್ಪತ್ತು ಕಿಲೋ ಹೆಜ್ಜೆಯಲ್ಲೇ ಅದಕ್ಕೆ ಎಣಿಕೆ ಬರುವುದು.
ಉಳಿದ ಏಳು ಕಿಲೋ
ಯಾವ ಪೆಟ್ಟಿಗೆಯ ಲೆಕ್ಕಕ್ಕೂ ಸೇರದೆ
ಚಪ್ಪಲಿ ಕೈಯಲ್ಲಿ ಹಿಡಿದು
ಮೊದಲ ಹನಿಗೆ ಕಾಯುತ್ತ ನಿಂತಿತು.